ಆರೂವರೆಯ ಸುತ್ತೋಲೆ

2021ರ ಆಗಸ್ಟ್ 24ರ ಸಂಜೆ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಒಬ್ಬ ಎಂಬಿಎ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಜೊತೆಗಿದ್ದ ಗೆಳೆಯನನ್ನೂ ಬಡಿದಿದ್ದರು. ಊರಿಗೆ ಊರೇ ತಲ್ಲಣಿಸಿತು. ಅಂಥ ಜಾಗಕ್ಕೆ ಅವರು ಹೋಗಬಾರದಿತ್ತು ಎಂದರು ಆಗಿನ ಗೃಹ ಸಚಿವರು. ಆಮೇಲೆ ಮಾತು ಹಿಂದಕ್ಕೆ ಪಡೆದರು. ಕೆಲವೇ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಒಂದು ಸುತ್ತೋಲೆ ಹೊರಟಿತು. ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ತನ್ನ ಕ್ಯಾಂಪಸ್ ಮಾನಸಗಂಗೋತ್ರಿಯ ನಿರ್ಜನ ಜಾಗಗಳಲ್ಲಿ ಒಂಟಿಯಾಗಿ ಓಡಾಡಕೂಡದು, ಕುಕ್ಕರಹಳ್ಳಿ ಕೆರೆಯ ಕಡೆಗೂ ಹೋಗಕೂಡದು. ಹುಡುಗರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಕೃತ್ಯ ನಡೆದದ್ದು ಕ್ಯಾಂಪಸ್ಸಿನಲ್ಲಲ್ಲ. ನಡೆಸಿದವರು ಗಂಡಸರು. ಆದರೆ ಸಂಜೆ ಕಳೆದುಕೊಂಡವರು ಗಂಗೋತ್ರಿಯ ಹುಡುಗಿಯರು. ಟೀಕೆ ಬಂದ ಮೇಲೆ ಆ ಸುತ್ತೋಲೆ ಇದ್ದ ಹಾಗೆ ಉಳಿಯಲಿಲ್ಲ, ನಿಜ. ಅದನ್ನು ಬರೆಸಿದ ಬುದ್ಧಿ ಮಾತ್ರ ಕರ್ನಾಟಕದ ಎಷ್ಟೋ ಲೇಡೀಸ್ ಹಾಸ್ಟೆಲ್ಲುಗಳ ಗೇಟಿನಲ್ಲಿ ಇವತ್ತಿಗೂ ಬೀಗ ಹಿಡಿದು ನಿಂತಿದೆ. ನನ್ನ ತಕರಾರು ಇರುವುದು ಆ ಬುದ್ಧಿಯ ಮೇಲೆ.

ಅದರ ಮಾತು ನಮಗೆಲ್ಲ ಬಾಯಿಪಾಠ. ‘ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿರುವುದು.’ ‘ಕಾಲ ಸರಿಯಿಲ್ಲ.’ ‘ನಾಳೆ ಏನಾದರೂ ಆದರೆ ಯಾರು ಜವಾಬ್ದಾರಿ?’ ಹೀಗೆ ಹೇಳುವವರು ಕೆಟ್ಟವರಲ್ಲ. ನನ್ನ ಅಮ್ಮ ಹೇಳುತ್ತಿದ್ದಳು. ನಾನು ಗೌರವಿಸುವ ಮೇಷ್ಟ್ರುಗಳು ಹೇಳುತ್ತಿದ್ದರು. ಈಗ ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ವಾರಿಗೆಯ ಹೆಂಗಸರೇ ಹೇಳುತ್ತಾರೆ. ಒಳ್ಳೆಯವರು ಒಳ್ಳೆಯ ಮನಸ್ಸಿನಿಂದ ಹೇಳುವ ಮಾತಾದ್ದರಿಂದಲೇ ಅದನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ನಾನು ನೋಡುತ್ತೇನೆ. ಹೆಣ್ಣುಮಕ್ಕಳನ್ನು ಬೇಗ ಕೂಡಿಹಾಕುವುದರಿಂದ ಅವರ ರಕ್ಷಣೆ ಆಗುವುದಿಲ್ಲ. ಆಗುವುದು ಅವರ ಓದಿನ ನಷ್ಟ. ಅದಕ್ಕಿಂತ ಕೆಟ್ಟದ್ದು, ತಮಗಾದ ಅನ್ಯಾಯವನ್ನು ಹೇಳಿಕೊಳ್ಳಲು ಬೇಕಾದ ಧೈರ್ಯದ ನಷ್ಟ.

ಮೊದಲು ಓದಿನ ಲೆಕ್ಕ. ನಾನು ಎಂ.ಎ. ಓದಿದ ವಿಶ್ವವಿದ್ಯಾಲಯದಲ್ಲಿ ಲೈಬ್ರರಿ ರಾತ್ರಿ ಎಂಟರ ತನಕ ತೆರೆದಿರುತ್ತಿತ್ತು. ನಮ್ಮ ಹಾಸ್ಟೆಲ್ ಗೇಟು ಆರೂವರೆಗೆ. ರೀಡಿಂಗ್ ರೂಮಿನ ಉದ್ದನೆಯ ಮೇಜುಗಳಲ್ಲಿ ಆರು ಗಂಟೆಯ ತನಕ ಹುಡುಗರು ಹುಡುಗಿಯರು ಹೆಚ್ಚುಕಮ್ಮಿ ಸರಿಸಮ ಇರುತ್ತಿದ್ದೆವು. ಆರು ಹತ್ತಕ್ಕೆ ಕುರ್ಚಿ ಸರಿಯುವ ಸದ್ದು ಶುರುವಾಗುತ್ತಿತ್ತು. ಎರವಲು ಕೊಡದ ಪುಸ್ತಕಗಳನ್ನು ಓದಿದ ಪುಟದ ನಂಬರು ಬರೆದಿಟ್ಟುಕೊಂಡು ಕೌಂಟರಿಗೆ ಕೊಟ್ಟು, ದುಪಟ್ಟಾ ಬ್ಯಾಗು ಸರಿಮಾಡಿಕೊಳ್ಳುತ್ತ, ಓಡುನಡಿಗೆಯಲ್ಲಿ ಹೊರಡುತ್ತಿದ್ದೆವು. ಮಾರನೆಯ ದಿನ ಬಂದರೆ ಅದೇ ಪುಸ್ತಕ, ನಾವು ಬಿಟ್ಟುಹೋದ ಸಂಜೆಯೇ, ಹುಡುಗನೊಬ್ಬನ ನೋಟ್ಸಿಗೆ ಇಳಿದಿರುತ್ತಿತ್ತು. ಅವನ ತಪ್ಪೇನಿಲ್ಲ. ಅವನಿಗೆ ಎಂಟರ ತನಕ ಸಮಯವಿತ್ತು, ಓದಿದ. ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಆರು ದಿನದಂತೆ 9 ಗಂಟೆ. ವರ್ಷಕ್ಕೆ 36 ವಾರ ತರಗತಿ ನಡೆದರೂ 324 ಗಂಟೆ, ಎರಡು ವರ್ಷದ ಎಂ.ಎ.ಗೆ 648 ಗಂಟೆ. ದಿನಕ್ಕೆ ಎಂಟು ಗಂಟೆ ಓದುವವರಿಗೆ ಅದು 81 ದಿನದ ಓದು. ಒಂದೇ ಫೀಸು ಕಟ್ಟಿ, ಒಂದೇ ಪ್ರಶ್ನೆಪತ್ರಿಕೆ ಬರೆಯುವ ಇಬ್ಬರಲ್ಲಿ ಒಬ್ಬಳಿಂದ 81 ದಿನ ಕಿತ್ತುಕೊಂಡ ಮೇಲೆ ಅದನ್ನು ಶಿಸ್ತು ಎಂದು ಕರೆಯುವುದು ಹೇಗೆ?

ಇನ್ನು ಗಂಟೆಯಲ್ಲಿ ಅಳೆಯಲಾಗದ ನಷ್ಟ. ವಿಶ್ವವಿದ್ಯಾಲಯ ಎನ್ನುವುದು ಹತ್ತರಿಂದ ಐದರ ಪಾಠವಷ್ಟೇ ಆಗಿದ್ದರೆ ಅದಕ್ಕೆ ಅಷ್ಟು ದೊಡ್ಡ ಹೆಸರು ಬೇಕಿರಲಿಲ್ಲ. ತರಗತಿ ಮುಗಿದ ಮೇಲೆ ಕ್ಯಾಂಟೀನಿನ ಕಟ್ಟೆಯಲ್ಲಿ ಮೇಷ್ಟ್ರು ಚಹಾ ಕುಡಿಯುತ್ತ ಹೇಳುವ ಮಾತಿನಲ್ಲಿ, ವಿಚಾರ ಸಂಕಿರಣದ ಕೊನೆಯ ಗೋಷ್ಠಿಯಲ್ಲಿ, ನಾಟಕದ ತಾಲೀಮಿನಲ್ಲಿ, ಲ್ಯಾಬಿನಲ್ಲಿ ಮುಗಿಯದೆ ಉಳಿದ ಪ್ರಯೋಗದಲ್ಲಿ ಅರ್ಧ ವಿದ್ಯೆ ಇರುತ್ತದೆ. ಇವೆಲ್ಲ ನಡೆಯುವುದು ಸಂಜೆ. ಮೈಸೂರನ್ನೇ ನೋಡಿ: ಗಂಗೋತ್ರಿಯ ನೆರೆಯಲ್ಲೇ ರಂಗಾಯಣವಿದೆ, ಅಲ್ಲಿ ನಾಟಕಗಳು ಶುರುವಾಗುವುದೇ ಸಾಮಾನ್ಯವಾಗಿ ಆರೂವರೆಗೆ. ಕುಕ್ಕರಹಳ್ಳಿ ಕೆರೆ ಕುವೆಂಪು ವಾಯುವಿಹಾರಕ್ಕೆ ಹೋಗುತ್ತಿದ್ದ ಕೆರೆ. ಮಾನಸಗಂಗೋತ್ರಿ ಎಂಬ ಹೆಸರೂ ಅವರು ಕೊಟ್ಟದ್ದು. ಕನ್ನಡ ಎಂ.ಎ. ಓದುವ ಹುಡುಗಿಗೆ ಆ ಕೆರೆಯನ್ನು ಪಾಠದಲ್ಲಿ ತೋರಿಸುತ್ತೇವೆ. ಹಕ್ಕಿಗಳು ಗೂಡಿಗೆ ಮರಳುವ ಹೊತ್ತಿನಲ್ಲಿ ನೀನು ಅಲ್ಲಿರಬೇಡ ಎಂದು ಅವಳಿಗೊಬ್ಬಳಿಗೇ ಹೇಳುತ್ತೇವೆ. ಹೀಗೆ ಹೇಳಿದ್ದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

‘ಓದು ಹೋದರೆ ಹೋಗಲಿ, ಜೀವ ಉಳಿಯಲಿ’ ಎನ್ನುವವರಿದ್ದಾರೆ. ಬೀಗ ಜೀವ ಉಳಿಸುತ್ತದೆಯೇ ಎಂದು ಅವರು ಯೋಚಿಸಬೇಕು. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ಇರಿದು ಕೊಂದದ್ದು ಹಗಲು ಬೆಳಕಿನಲ್ಲಿ, ಕಾಲೇಜಿನ ಆವರಣದೊಳಗೆ. ಕೊಂದವನು ಅಪರಿಚಿತನಲ್ಲ, ಹಿಂದೆ ಅಲ್ಲೇ ಓದಿದವನು. ಆಮೇಲೆ ಆ ಸಾವನ್ನು ತಮ್ಮ ತಮ್ಮ ಪಕ್ಷಕ್ಕೆ ಬೇಕಾದ ಹಾಗೆ ಎಳೆದಾಡಿದರು. ಬೇಡ ಎಂದ ಹುಡುಗಿಯ ಮಾತನ್ನು ಕೇಳಿಸಿಕೊಳ್ಳಲು ಗಂಡುಮಕ್ಕಳಿಗೆ ನಮ್ಮ ಕಾಲೇಜುಗಳು ಏನು ಕಲಿಸುತ್ತಿವೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಅದೇ ವರ್ಷ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಶವವಾಗಿ ಸಿಕ್ಕ ಸ್ನಾತಕೋತ್ತರ ವೈದ್ಯೆ ಬೀದಿಯಲ್ಲಿ ತಿರುಗುತ್ತಿರಲಿಲ್ಲ. ತನ್ನ ಸಂಸ್ಥೆಯ ಗೋಡೆಗಳ ಒಳಗೆ, ಕೆಲಸದ ಪಾಳಿಯಲ್ಲಿದ್ದಳು. ವಿಶ್ರಾಂತಿ ಕೊಠಡಿ ಇಲ್ಲದೆ ಸೆಮಿನಾರ್ ಹಾಲಿನಲ್ಲಿ ಮಲಗಿದ್ದಳು. ಆಗಲೂ ಪಶ್ಚಿಮ ಬಂಗಾಳ ಸರ್ಕಾರಕ್ಕೆ ಹೊಳೆದ ಉಪಾಯಗಳಲ್ಲೊಂದು, ಸಾಧ್ಯವಾದಷ್ಟೂ ಹೆಂಗಸರಿಗೆ ರಾತ್ರಿ ಪಾಳಿ ತಪ್ಪಿಸಿ ಎನ್ನುವುದು. ಸುಪ್ರೀಂ ಕೋರ್ಟ್ ಅದನ್ನು ಆಕ್ಷೇಪಿಸಿತು. ಮಹಿಳೆಯರು ರಾತ್ರಿ ಕೆಲಸ ಮಾಡಬಾರದು ಎನ್ನಲು ನಿಮಗೆ ಅಧಿಕಾರವಿಲ್ಲ, ರಕ್ಷಣೆ ಒದಗಿಸುವುದು ನಿಮ್ಮ ಕರ್ತವ್ಯ ಎಂದಿತು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ವರ್ಷ ವರ್ಷವೂ ಒಂದೇ ಮಾತು ಹೇಳುತ್ತವೆ: ದಾಖಲಾದ ಅತ್ಯಾಚಾರಗಳಲ್ಲಿ ನೂರಕ್ಕೆ 95ರಷ್ಟನ್ನು ಎಸಗಿದವರು ಆ ಹೆಣ್ಣಿಗೆ ಗೊತ್ತಿದ್ದವರೇ. ನೆಂಟರು, ನೆರೆಯವರು, ಸ್ನೇಹಿತರು, ಮೇಲಧಿಕಾರಿಗಳು. ಕ್ಯಾಂಪಸ್ಸಿನ ಮಟ್ಟಿಗೆ ಇದಕ್ಕೆ ಪಿಎಚ್.ಡಿ. ಗೈಡನ್ನೂ ಸೇರಿಸಿಕೊಳ್ಳಬೇಕು. ಹಗಲು ಹನ್ನೊಂದು ಗಂಟೆಗೆ ಚೇಂಬರಿನ ಬಾಗಿಲು ಹಾಕಿಕೊಂಡು ಕರೆಯುವವನಿಂದ ಆರೂವರೆಯ ಬೀಗ ಯಾರನ್ನು ಕಾಪಾಡೀತು?

ಈಗ ನಾನು ಮೊದಲೇ ಹೇಳಿದ ಧೈರ್ಯದ ನಷ್ಟಕ್ಕೆ ಬರುತ್ತೇನೆ. ಇದು ನಾನು ಕಣ್ಣಾರೆ ಕಂಡದ್ದು.

ನಮ್ಮ ಹಾಸ್ಟೆಲ್ಲಿನ ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ರಟ್ಟಿನ ಹೊದಿಕೆಯ ಉದ್ದನೆಯ ರಿಜಿಸ್ಟರು. ಸರಿಯಾಗಿ ಆರೂವರೆಗೆ ವಾರ್ಡನ್ ಮೇಡಂ ಸ್ಕೇಲು ಇಟ್ಟು ಕೊನೆಯ ಸಹಿಯ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದರು. ಗೆರೆಯ ಕೆಳಗೆ ಸಹಿ ಮಾಡಿದವರು ‘ಲೇಟ್’. ಮೂರು ಲೇಟ್ ಆದರೆ ಮನೆಗೆ ಫೋನು. ಮೊದಲ ವರ್ಷದ ಕೊನೆಯಲ್ಲಿ ನನ್ನ ರೂಮ್‌ಮೇಟ್ ಒಂದು ಸಂಜೆ ಆರು ಐವತ್ತಕ್ಕೆ ಬಂದಳು. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅವಳ ಹಿಂದೆ ಬಿದ್ದಿದ್ದ. ಅವನನ್ನು ತಪ್ಪಿಸಲು ಬೇರೆ ಬಸ್ಸು ಹತ್ತಿ, ಎಲ್ಲೋ ಇಳಿದು, ಇನ್ನೊಂದು ಬಸ್ಸು ಹಿಡಿದು ಬಂದಿದ್ದಳು. ಅವಳ ಕೈ ನಡುಗುತ್ತಿತ್ತು. ಗೆರೆಯ ಕೆಳಗೆ ಮಾಡಿದ ಸಹಿ ಅವಳದೆಂದು ಹೇಳಲು ಬಾರದಷ್ಟು ಸೊಟ್ಟಗಿತ್ತು. ಮೇಡಂ ಕೇಳಿದರು, ಇವಳು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಮೂರು ಲೇಟಿಗೆ ಕಾಯಲಿಲ್ಲ. ಅವತ್ತು ರಾತ್ರಿಯೇ ಊರಿಗೆ ಫೋನು ಹೋಯಿತು. ಮೂರನೆಯ ದಿನ ರಾಯಚೂರು ಕಡೆಯ ಹಳ್ಳಿಯಿಂದ ಅವಳ ಅಪ್ಪ ಬಂದರು. ಸಿಟ್ಟೇನೂ ಮಾಡಲಿಲ್ಲ. ‘ಓದಿದ್ದು ಸಾಕು ಬಾವ್ವ’ ಎಂದರು. ಟ್ರಂಕನ್ನು ನಾವೇ ಕೆಳಗೆ ಇಳಿಸಿಕೊಟ್ಟೆವು. ಎರಡನೆಯ ವರ್ಷದ ಪರೀಕ್ಷೆಯನ್ನು ಅವಳು ಬರೆಯಲೇ ಇಲ್ಲ. ನಮ್ಮ ಕ್ಲಾಸಿನಲ್ಲಿ ಹಳಗನ್ನಡವನ್ನು ಅವಳಷ್ಟು ಸಲೀಸಾಗಿ ಓದುವವರು ಇನ್ನೊಬ್ಬರಿರಲಿಲ್ಲ.

ಹಿಂದೆ ಬಿದ್ದವನನ್ನು ಯಾರೂ ಹುಡುಕಲಿಲ್ಲ. ಆ ಹಾಸ್ಟೆಲ್ಲಿನ ನೂರಾರು ಹುಡುಗಿಯರು ಅವತ್ತು ಒಂದು ಪಾಠ ಕಲಿತರು: ಏನೇ ಆಗಲಿ, ಹೇಳಬಾರದು. ಆಮೇಲೆ ತಡವಾಗಿ ಬಂದವರೆಲ್ಲ ಹೇಳಿದ್ದು ಒಂದೇ ಮಾತು, ‘ಬಸ್ ಕೆಟ್ಟಿತ್ತು ಮೇಡಂ’. ಬಸ್ಸಿನಲ್ಲಿ ಮೈ ಮುಟ್ಟಿದವನ ಬಗ್ಗೆ, ದಾರಿಗೆ ಅಡ್ಡ ನಿಂತವನ ಬಗ್ಗೆ, ಮನೆಗೆ ಬಾ ನೋಟ್ಸ್ ಕೊಡುತ್ತೇನೆ ಎಂದವನ ಬಗ್ಗೆ ರಾತ್ರಿ ದೀಪ ಆರಿಸಿದ ಮೇಲೆ ಪಿಸುಗುಟ್ಟಿಕೊಂಡೆವು, ಅಷ್ಟೆ. ಬೇಟೆಗಾರನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೇ? ದೂರು ಕೊಟ್ಟರೆ ಓದು ನಿಲ್ಲುತ್ತದೆ ಎಂದು ಅವಳಿಗೆ ಗೊತ್ತು. ಅವಳಿಗೆ ಗೊತ್ತು ಎಂಬುದು ಅವನಿಗೂ ಗೊತ್ತು. ಬೀಗ ಹಾಕುವವರು ತಮಗೆ ತಿಳಿಯದೆಯೇ ಅವನ ಪಕ್ಷದಲ್ಲಿ ನಿಂತಿದ್ದಾರೆ.

ನಾನು ಹೇಳುತ್ತಿರುವುದು ಒಂದು ಹಾಸ್ಟೆಲ್ಲಿನ ಕತೆ ಎನ್ನಬೇಡಿ. 2017ರ ಸೆಪ್ಟೆಂಬರಿನಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲೇ ಸಂಜೆ ಹಾಸ್ಟೆಲ್ಲಿಗೆ ಮರಳುತ್ತಿದ್ದ ವಿದ್ಯಾರ್ಥಿನಿಯ ಮೇಲೆ ಬೈಕಿನಲ್ಲಿ ಬಂದವರು ಕೈಹಾಕಿದರು. ದೂರು ಹೇಳಿದವಳಿಗೆ ಸಿಕ್ಕಿದ್ದು, ಅಷ್ಟು ಹೊತ್ತಿನಲ್ಲಿ ಹೊರಗೇಕಿದ್ದೆ ಎಂಬ ಪ್ರಶ್ನೆ. ನೂರಾರು ಹುಡುಗಿಯರು ಸಿಂಹದ್ವಾರದಲ್ಲಿ ಬಂದು ಕೂತರು. ಅವರು ಕೇಳಿದ್ದು ಬೀದಿದೀಪ, ಕಾವಲು, ದೂರು ಕೇಳಿಸಿಕೊಳ್ಳುವ ಮನುಷ್ಯರು. ಸಿಕ್ಕಿದ್ದು ಲಾಠಿ. ಅದಕ್ಕೂ ಎರಡು ವರ್ಷ ಮೊದಲು ದೆಹಲಿಯ ಹುಡುಗಿಯರು ‘ಪಿಂಜರಾ ತೋಡ್’ ಎಂದು ಬೀದಿಗಿಳಿದಿದ್ದರು. ಪಂಜರ ಮುರಿಯಿರಿ ಎಂದು ಅದರರ್ಥ. ಆ ಕೂಗು ಯಾಕೆ ಎದ್ದಿತೆಂದು ಕೆಂಪು ಗೆರೆಯ ಕೆಳಗೆ ಒಮ್ಮೆ ಸಹಿ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಎದುರು ಪಕ್ಷದಲ್ಲಿ ಗಟ್ಟಿಯಾದ ವಾದವೂ ಒಂದಿದೆ, ಅದನ್ನು ತಪ್ಪಿಸಿಕೊಂಡು ಹೋಗಲಾರೆ. ‘ಗೇಟು ಬೇಗ ಮುಚ್ಚುತ್ತದೆ ಎಂಬ ಭರವಸೆಯ ಮೇಲೇ ಹಳ್ಳಿಯ ಅಪ್ಪ ಅಮ್ಮ ಮಗಳನ್ನು ಕಳಿಸುತ್ತಾರೆ. ಗೇಟು ತೆರೆದರೆ ಕಳಿಸುವುದನ್ನೇ ನಿಲ್ಲಿಸುತ್ತಾರೆ.’ ಈ ಮಾತಿನಲ್ಲಿ ಸತ್ಯವಿದೆ. ನನ್ನನ್ನೇ ಕಳಿಸುವಾಗ ಅಪ್ಪ ಹಾಸ್ಟೆಲ್ಲಿನ ಕಾಂಪೌಂಡ್ ಗೋಡೆಯ ಎತ್ತರ ನೋಡಿ ಸಮಾಧಾನಪಟ್ಟಿದ್ದರು. ಆದರೆ ತಂದೆತಾಯಿಯ ಭಯವನ್ನು ಒಂದು ಸಂಸ್ಥೆ ಎರಡು ರೀತಿ ತೀರಿಸಬಹುದು. ಲೈಬ್ರರಿಯಿಂದ ಹಾಸ್ಟೆಲ್ಲಿನ ತನಕ ದೀಪ ಹಾಕಿಸಿ, ರಾತ್ರಿ ಹತ್ತರ ತನಕ ಕ್ಯಾಂಪಸ್ ಬಸ್ಸು ಓಡಿಸಿ, ಕಾವಲಿನವರನ್ನು ನೇಮಿಸಿ, ದೂರು ಕೊಟ್ಟವಳ ಬೆನ್ನಿಗೆ ನಿಂತು ತೀರಿಸಬಹುದು. ಅದಕ್ಕೆ ಹಣ ಬೇಕು, ಮನಸ್ಸು ಬೇಕು. ಅಥವಾ ಒಂದು ಬೀಗ ಕೊಂಡು ತರಬಹುದು. ಬಹಳಷ್ಟು ಸಂಸ್ಥೆಗಳು ಬೀಗ ಕೊಂಡಿವೆ, ಖರ್ಚು ಉಳಿಸಿಕೊಂಡಿವೆ, ಹೊಣೆಯನ್ನು ಪೋಷಕರ ಹೆಸರಿಗೆ ಬರೆದಿವೆ. ಗಂಡುಮಕ್ಕಳ ತಾಯಂದಿರಿಗೂ ಭಯವಿದೆ. ಅಪರಾತ್ರಿಯ ಬೈಕು, ಕುಡಿತ, ಹೊಡೆದಾಟ ಅವರ ನಿದ್ದೆಗೆಡಿಸುತ್ತವೆ. ಆ ತಾಯಂದಿರ ಭಯಕ್ಕೆ ಯಾವ ವಿಶ್ವವಿದ್ಯಾಲಯ ಆರೂವರೆಗೆ ಗೇಟು ಮುಚ್ಚಿದೆ? ಮಗನ ವಿಷಯದಲ್ಲಿ ಭಯ ಜೀವದ್ದು. ಮಗಳ ವಿಷಯದಲ್ಲಿ ಅದರೊಳಗೆ ಮನೆತನದ ಮರ್ಯಾದೆಯೂ ಕೂತಿದೆ. ಮರ್ಯಾದೆ ಕಾಯುವ ಕೆಲಸವನ್ನು ಸರ್ಕಾರದ ದುಡ್ಡಿನಲ್ಲಿ ನಡೆಯುವ ವಿದ್ಯಾಸಂಸ್ಥೆ ವಹಿಸಿಕೊಳ್ಳಬಾರದು.

ಇದು ಹೊಸ ರೋಗವೂ ಅಲ್ಲ. 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗಳಾಗಿ ಬಂದ ಕಮಲಾ ಭಾಗವತ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣು ಎಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಆಗದು ಎಂದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು: ಮೊದಲ ವರ್ಷ ಪರೀಕ್ಷಾರ್ಥವಾಗಿ ಇರಬೇಕು, ಗಂಡು ಸಹಪಾಠಿಗಳ ಏಕಾಗ್ರತೆ ಕೆಡಬಾರದು. ಗಂಡಸಿನ ಏಕಾಗ್ರತೆಗೂ ಹೆಣ್ಣೇ ಜವಾಬ್ದಾರಿ! ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಷರತ್ತು ಹಾಕಿದ್ದು ದೇಶದ ಅತಿ ದೊಡ್ಡ ವಿಜ್ಞಾನಿ. ಆದರೂ ಅದು ತಪ್ಪೇ. ಅಂದಿನಿಂದ ಇಂದಿನವರೆಗೆ ಹೆಣ್ಣುಮಕ್ಕಳಿಗೆ ಕ್ಯಾಂಪಸ್ಸಿನ ಬಾಗಿಲು ತೆರೆದಿದ್ದೇವೆ, ಷರತ್ತು ತೆಗೆದಿಲ್ಲ.

ಪ್ರತಿ ವರ್ಷ ಪಿಯುಸಿ ಫಲಿತಾಂಶದ ಮಾರನೆಯ ದಿನ ‘ಬಾಲಕಿಯರೇ ಮೇಲುಗೈ’ ಎಂಬ ತಲೆಬರಹ ಬರುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ದೇಶದ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಹೆಣ್ಣುಮಕ್ಕಳು; ದಾಖಲಾತಿ ಅನುಪಾತದಲ್ಲಿ ಅವರು 28.5, ಹುಡುಗರು 28.3. ಇದನ್ನು ತೋರಿಸಿ ಇನ್ನೆಲ್ಲಿದೆ ಅಸಮಾನತೆ ಎನ್ನುತ್ತಾರೆ. ಈ ಅಂಕಿ ಹೇಳುವುದು ಎಷ್ಟು ಜನ ಬಾಗಿಲು ದಾಟಿ ಒಳಗೆ ಬಂದರು ಎಂಬುದನ್ನು. ಒಳಗೆ ಬಂದವರು ಸಂಜೆ ಏಳಕ್ಕೆ ಎಲ್ಲಿರುತ್ತಾರೆ ಎಂಬುದು ಯಾವ ಸಮೀಕ್ಷೆಯ ಕಾಲಮ್ಮಿನಲ್ಲೂ ಇಲ್ಲ. ನಮ್ಮ ಸರ್ಕಾರವೇ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದ ಉದ್ದಗಲಕ್ಕೂ ಬಸ್ಸು ಉಚಿತ ಮಾಡಿತು. ನನ್ನ ವಿದ್ಯಾರ್ಥಿನಿಯರಲ್ಲಿ ಮೈಸೂರು, ಬೆಂಗಳೂರು ಮೊದಲ ಸಲ ನೋಡಿಬಂದವರಿದ್ದಾರೆ. ಅವರ ಮುಖ ನೋಡಿದ ಮೇಲೆ, ಅದೇ ಹುಡುಗಿಯರನ್ನು ಕತ್ತಲಾಗುವ ಮೊದಲು ಕೂಡಿಹಾಕಬೇಕು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ? ಯುಜಿಸಿಯ 2015ರ ನಿಯಮಾವಳಿ ಲೈಂಗಿಕ ಕಿರುಕುಳ ತಡೆಯ ಬಗ್ಗೆ ಮಾಡಿದ್ದು. ವಿದ್ಯಾರ್ಥಿನಿಯರ ಸುರಕ್ಷತೆಯ ನೆಪ ಒಡ್ಡಿ ಹುಡುಗರಿಗಿಲ್ಲದ ತಾರತಮ್ಯದ ನಿಯಮಗಳನ್ನು ಅವರ ಹಾಸ್ಟೆಲ್ಲುಗಳಲ್ಲಿ ಹೇರಕೂಡದು ಎಂದು ಅದರಲ್ಲಿ ನೇರವಾಗಿಯೇ ಇದೆ. ಆಂತರಿಕ ದೂರು ಸಮಿತಿಯಲ್ಲಿ, ವಿಷಯ ವಿದ್ಯಾರ್ಥಿಗಳದ್ದಾದರೆ, ಚುನಾಯಿತ ವಿದ್ಯಾರ್ಥಿಗಳು ಇರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರು ಇರಬಾರದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ನನ್ನ ಪಾಠ ಕೇಳುವ ಹುಡುಗಿಯರಿಗೆ ಹಾಸ್ಟೆಲ್ ಗೇಟಿನ ಸಮಯ ಬಾಯಿಪಾಠ, ದೂರು ಸಮಿತಿಯಲ್ಲಿ ಯಾರಿದ್ದಾರೆಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ನಮ್ಮ ಕಾಳಜಿ ಎಲ್ಲಿದೆ ಎಂಬುದಕ್ಕೆ ನನಗೆ ಬೇರೆ ಪುರಾವೆ ಬೇಡ.

ಕೇರಳದಲ್ಲಿ ಈ ಹೋರಾಟ ಕೋರ್ಟಿಗೆ ಹೋಯಿತು. 2022ರಲ್ಲಿ ಕೋಯಿಕ್ಕೋಡ್ ಸರ್ಕಾರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ಹಾಸ್ಟೆಲ್ ಸಮಯ ಪ್ರಶ್ನಿಸಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಹಾಸ್ಟೆಲ್ಲುಗಳು ರಾತ್ರಿ ಮೋಜಿನ ಪ್ರವಾಸಿ ಮಂದಿರಗಳಲ್ಲ ಎಂದು ಅಲ್ಲಿನ ಆರೋಗ್ಯ ವಿಶ್ವವಿದ್ಯಾಲಯ ವಾದಿಸಿತು. ನಾಳೆ ನಡುರಾತ್ರಿ ಹೆರಿಗೆ ಮಾಡಿಸಬೇಕಾದವರ ಬಗ್ಗೆ ಆಡಿದ ಮಾತು ಇದು. ತೊಂದರೆ ಕೊಡುವವರು ಗಂಡಸರಾದರೆ ಹುಡುಗಿಯರನ್ನೇಕೆ ಕೂಡಿಹಾಕುತ್ತೀರಿ ಎಂದು ನ್ಯಾಯಮೂರ್ತಿ ದೇವನ್ ರಾಮಚಂದ್ರನ್ ಕೇಳಿದರು. ಆ ಡಿಸೆಂಬರಿನಲ್ಲಿ ಸರ್ಕಾರ ಆದೇಶ ಹೊರಡಿಸಿ ಗಂಡು ಹೆಣ್ಣು ಎರಡೂ ಹಾಸ್ಟೆಲ್ಲುಗಳಿಗೆ ರಾತ್ರಿ ಒಂಬತ್ತೂವರೆ ಎಂದು ಒಂದೇ ಸಮಯ ಮಾಡಿತು. ಆಕಾಶ ಕಳಚಿ ಬೀಳಲಿಲ್ಲ.

ಒಂಬತ್ತೂವರೆಯೇ ಇರಲಿ, ಹತ್ತೇ ಇರಲಿ, ನನ್ನ ಹಟ ಗಡಿಯಾರದ ಮುಳ್ಳಿನ ಮೇಲಲ್ಲ. ಮತ ಹಾಕುವ ವಯಸ್ಸು ಇಬ್ಬರಿಗೂ 18. ನಿಯಮ ಬೇಕಿದ್ದರೆ ಇಬ್ಬರಿಗೂ ಒಂದೇ ಇರಲಿ, ಅದನ್ನು ಮಾಡುವಾಗ ಹಾಸ್ಟೆಲ್ಲಿನಲ್ಲಿ ಇರುವವರನ್ನು ಕೇಳಿ ಮಾಡಿ. ‘ಹುಡುಗಿಯರೇ ಬೇಗ ಮುಚ್ಚಿ ಎನ್ನುತ್ತಾರೆ’ ಎಂಬ ಉತ್ತರವನ್ನು ವಾರ್ಡನ್ ಎದುರಿಗೆ ನಿಲ್ಲಿಸಿ ಪಡೆಯಬೇಡಿ.

ಇದನ್ನು ಓದುವವರಲ್ಲಿ ಪ್ರಾಂಶುಪಾಲರಿರಬಹುದು, ಸಿಂಡಿಕೇಟ್ ಸದಸ್ಯರಿರಬಹುದು, ಮಗಳನ್ನು ಹಾಸ್ಟೆಲ್ಲಿಗೆ ಬಿಟ್ಟು ಬಂದ ಅಪ್ಪ ಅಮ್ಮ ಇರಬಹುದು. ನಿಮ್ಮೆಲ್ಲರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಲ ಕ್ಯಾಂಪಸ್ಸಿಗೆ ಹೋದಾಗ ಹುಡುಗರ ಹಾಸ್ಟೆಲ್ಲಿನ ಗೇಟಿಗೂ ಹುಡುಗಿಯರ ಹಾಸ್ಟೆಲ್ಲಿನ ಗೇಟಿಗೂ ಹೋಗಿ ಅಲ್ಲಿ ಬರೆದಿರುವ ಸಮಯ ನೋಡಿ ಬನ್ನಿ. ಎರಡೂ ಒಂದೇ ಇಲ್ಲದಿದ್ದರೆ ಕುಲಸಚಿವರಿಗೆ ಒಂದು ಕಾಗದ ಬರೆಯಿರಿ. ಯುಜಿಸಿಯ 2015ರ ನಿಯಮಾವಳಿಯ ಪ್ರತಿಯನ್ನು ಅದಕ್ಕೆ ಲಗತ್ತಿಸಿ.